ಪಲ್ಲ ಊರೂರು ತಿರುಗಿತು, ಅಂಕಿತ ಮನೆಯಲ್ಲೇ ಉಳಿಯಿತು

ಇದು ಯಾದಗಿರಿ ಜಿಲ್ಲೆಯ ಒಬ್ಬ ಹಾಡುಗಾರ್ತಿಯ ಪ್ರಕರಣ. ಹಾಡು ಕಟ್ಟುವವರೂ ಅವರೇ, ಹಾಡುವವರೂ ಅವರೇ. ಶಹಾಪುರ ತಾಲೂಕಿನವರು, ವಯಸ್ಸು ಐವತ್ತರ ಆಸುಪಾಸು. ಅವರು ಕಟ್ಟಿದ ಪದಗಳು ನೂರರ ಮೇಲಿವೆ. ಜನರ ಬಾಯಿಗೆ ಬಿದ್ದಿರುವುದು ಮಾತ್ರ ಒಂದೇ. ಮದುವೆ ಮೆರವಣಿಗೆಯಲ್ಲಿ ಡಿಜೆ ಹಾಕಿದರೆ ಆ ಹಾಡು ಬಂದೇ ಬರುತ್ತದೆ. ಅದನ್ನು ಕಟ್ಟಿದವರು ಯಾರು ಅಂತ ಕುಣಿಯುವವರನ್ನು ಕೇಳಿದರೆ ಗೊತ್ತಿರುವುದಿಲ್ಲ. ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ‘ಸಾಹಿತ್ಯ: ಜನಪದ’ ಅಂತ ಬರೆದಿತ್ತು.

ಅವರ ಹೆಸರು, ಊರು ಇಲ್ಲಿ ಬರೆಯುತ್ತಿಲ್ಲ. ಹಾಡಿನ ಮಾತುಗಳನ್ನೂ ಅಂಕಿತವನ್ನೂ (ಕಟ್ಟಿದವರ ಗುರುತಾಗಿ ಕೊನೆಯಲ್ಲಿ ಬರುವ ಹೆಸರು) ಅವರ ಒಪ್ಪಿಗೆಯಿಂದ ಬದಲಿಸಿದ್ದೇನೆ. ಕರಾರು ಮಾಡಿಕೊಂಡ ಸ್ಟುಡಿಯೋ ಯಾವುದು, ರೀಮಿಕ್ಸ್ ಮಾಡಿದ ಚಾನೆಲ್ ಯಾವುದು ಅನ್ನುವುದೂ ಬೇಡ. ನಾನು ಕಲಬುರಗಿಯಲ್ಲಿ ಕಲಾವಿದರ ಅರ್ಜಿ, ಕರಾರು, ಕಾಗದಪತ್ರ ನೋಡಿಕೊಡುವ ಕೆಲಸ ಮಾಡುತ್ತೇನೆ. ನಾನು ಅವರನ್ನು ಅಕ್ಕಾ ಅಂತಲೇ ಕರೆಯುವುದು. ಇಲ್ಲೂ ಹಾಗೇ ಬರೆಯುತ್ತೇನೆ.

ಹಾಡು ಎಲ್ಲಿಂದ ಬಂತು

ಅಕ್ಕನ ಅಪ್ಪ ಮೊಹರಂ ಹಬ್ಬದಲ್ಲಿ ರಿವಾಯತ್ ಪದ ಹಾಡುತ್ತಿದ್ದರು. ಅವರು ಮುಸ್ಲಿಮರಲ್ಲ. ನಮ್ಮ ಕಡೆ ಇದು ಹೊಸದೇನೂ ಅಲ್ಲ. ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರ ಮನೆಯೇ ಇಲ್ಲ, ಆದರೂ ಪೀರ ದೇವರು ಕೂಡುತ್ತವೆ, ಹೆಜ್ಜೆ ಮೇಳ ಕುಣಿಯುತ್ತದೆ. ತಾಯಿ ಸೋಬಾನ ಪದ, ಕೋಲಾಟದ ಪದ ಹಾಡುತ್ತಿದ್ದರು. ಮದುವೆಯಾಗಿ ಗಂಡನ ಮನೆಗೆ ಬಂದ ಮೇಲೆ ಅಕ್ಕ ಊರಿನ ಭಜನಾ ಮಂಡಳಿ ಸೇರಿದರು. ಮೊದಮೊದಲು ಸೊಲ್ಲು ಹಿಡಿಯುವ ಕೆಲಸ. ಹಿರಿಯರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನು ಎತ್ತಿಕೊಳ್ಳಬೇಕು. ಕೆಲವೇ ವರ್ಷಗಳಲ್ಲಿ ಮುಂದೆ ಕೂತು ಹೇಳುವವರಾದರು.

ಆ ಮಂಡಳಿಯಲ್ಲಿ ರಾತ್ರಿಯಿಡೀ ತತ್ವಪದ. ಏಕತಾರಿ, ದಮ್ಮಡಿ ಅನ್ನುವ ಚರ್ಮವಾದ್ಯ, ತಾಳ, ಒಂದು ಪೇಟಿ (ಹಾರ್ಮೋನಿಯಂ). ಕಡಕೋಳ ಮಡಿವಾಳಪ್ಪನವರ ಪದಗಳು, ಅವರ ಶಿಷ್ಯ ಪರಂಪರೆಯ ಚೆನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪನವರ ಪದಗಳು, ನಡುನಡುವೆ ಶಿಶುನಾಳ ಶರೀಫರು. ಕಡಕೋಳ ಈಗ ಕಲಬುರಗಿ ಜಿಲ್ಲೆಯ ಯಡ್ರಾಮಿ ತಾಲೂಕಿನಲ್ಲಿದೆ. ಮಡಿವಾಳಪ್ಪನವರು ತೀರಿಕೊಂಡು ಒಂದೂವರೆ ಶತಮಾನಕ್ಕೂ ಹೆಚ್ಚಾಯಿತು. ಆದರೂ ಶಾಲೆಗೆ ಹೋಗದ ಮುದುಕಿ ಕೂಡ ‘ಇದು ಮಡಿವಾಳಪ್ಪಂದು’ ಅಂತ ಗುರುತು ಹಿಡಿಯುತ್ತಾಳೆ. ಹೇಗೆ? ಕೊನೆಯ ನುಡಿಯಲ್ಲಿ ಅಂಕಿತ ಇರುತ್ತದೆ. ಮಹಾಂತನ ಹೆಸರು ಬಂತು ಅಂದರೆ ಪದ ಯಾರದ್ದು ಅಂತ ಎಲ್ಲರಿಗೂ ತಿಳಿಯಿತು. ಶರೀಫರದ್ದಾದರೆ ಶಿಶುನಾಳಾಧೀಶ. ಮೊಹರಂ ಪದಗಳಲ್ಲೂ ಕೊನೆಗೆ ಕಟ್ಟಿದವರ ಹೆಸರು, ಅವರ ಊರು, ಕಲಿಸಿದ ಗುರುವಿನ ಹೆಸರು ಬರುವುದುಂಟು. ಕಾಗದ, ಅಚ್ಚು, ಕಾನೂನು ಯಾವುದೂ ಹತ್ತಿರ ಇಲ್ಲದ ಕಾಲದಲ್ಲಿ ಹಾಡು ಕಟ್ಟಿದವರ ಹೆಸರನ್ನು ಕಾಪಾಡಿದ್ದು ಈ ಒಂದು ಸಾಲು.

ಅಕ್ಕನಿಗೂ ಮಂಡಳಿಯ ಹಿರಿಯರೇ ಅಂಕಿತ ಕೊಟ್ಟರು: ಹಳ್ಳದ ಬಸವ. ಊರ ಹೊರಗಿನ ಹಳ್ಳದ ದಂಡೆಯ ದೇವರು. ಅಂದಿನಿಂದ ಅವರು ಕಟ್ಟಿದ ಪ್ರತಿ ಪದದ ಕೊನೆಯಲ್ಲೂ ಅದು ಇದೆ. ಅವರಿಗೆ ಸಹಿ ಮಾಡಲು ಬರುತ್ತದೆ, ಉದ್ದಕ್ಕೆ ಬರೆಯಲು ಬರುವುದಿಲ್ಲ. ಪದ ಕಟ್ಟುವುದು ಬಾಯಲ್ಲೇ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅವಳ ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆಸಿಟ್ಟರು. ಆ ನೋಟ್‌ಬುಕ್ಕುಗಳನ್ನು ನಾನು ನೋಡಿದ್ದೇನೆ. ಮೊದಲನೆಯದರಲ್ಲಿ ಅಕ್ಷರ ದಪ್ಪ ದಪ್ಪ, ಒತ್ತಕ್ಷರ ತಪ್ಪು. ಮೂರನೆಯದಕ್ಕೆ ಬರುವ ಹೊತ್ತಿಗೆ ಹೈಸ್ಕೂಲಿನ ಹುಡುಗಿಯ ದುಂಡು ಅಕ್ಷರ. ಕೆಲವು ಪುಟಗಳ ಹಿಂದೆ ಗಣಿತದ ಲೆಕ್ಕವೂ ಇದೆ.

ಜನರ ಬಾಯಿಗೆ ಬಿದ್ದ ಆ ಒಂದು ಹಾಡು, ಬಸ್ಸಿನ ಹಾಡು, ಹುಟ್ಟಿದ್ದು ಗುಳೆಯಲ್ಲಿ. ಒಂದೆರಡು ಎಕರೆ ಒಣಭೂಮಿ ಇರುವವರು, ಭೂಮಿಯೇ ಇಲ್ಲದವರು ದಸರಾ ದೀಪಾವಳಿ ಹೊತ್ತಿಗೆ ಊರು ಬಿಡುತ್ತಾರೆ. ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ. ಕಟ್ಟಡದ ಕೆಲಸ, ರಸ್ತೆ ಕೆಲಸ. ಅದೇ ಹೊತ್ತಿಗೆ ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟಿರುತ್ತದೆ. ಅಕ್ಕ, ಅವರ ತಂಗಿ, ತಂಗಿಯ ಗಂಡ ಒಂದು ವರ್ಷ ಹೀಗೇ ಬೆಂಗಳೂರಿಗೆ ಹೋದರು. ಹಾಡಿನ ಪಲ್ಲ, ಅಂದರೆ ಮತ್ತೆ ಮತ್ತೆ ಬರುವ ಮೊದಲ ಸಾಲುಗಳು, ಹೀಗಿದೆ:

ಬಸ್ಸ ಬಂತ ತಂಗೆವ್ವ, ಬುತ್ತೀಯ ಕಟ್ಟ
ತೊಗರಿ ಹೂ ಬಿಡುವಾಗ ಹೊಂಟೇವ ಊರ ಬಿಟ್ಟ

ಧಾಟಿ ಕೋಲಾಟದ್ದು. ಕಾಲು ತಾನಾಗಿಯೇ ಎದ್ದು ಬರುತ್ತದೆ. ಹಾಗಾಗಿ ಇದನ್ನು ಕೇಳಿದವರು ಖುಷಿಯ ಹಾಡು ಅಂದುಕೊಳ್ಳುತ್ತಾರೆ. ಮೂರನೇ ನುಡಿಗೆ ಬಂದರೆ ಬೇರೆ ಮಾತಿದೆ:

ಅಜ್ಜಿ ಮಗ್ಗಲಾಗ ಕೂಸ ಮಲಗ್ಯಾದ ಅಲ್ಲಿ
ಎದ್ದರ ಏನ ಹೇಳ್ತಿ, ಗ್ವಾಡಿ ಮ್ಯಾಲಿನ ಹಲ್ಲಿ

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಅಂತ ನಮ್ಮಲ್ಲಿ ನಂಬಿಕೆ. ತಾಯಿ ಸಂಜೆಗೆ ಬರ್ತಾಳೆ ಅಂತ ಅಜ್ಜಿ ಕೂಸಿಗೆ ಸುಳ್ಳು ಹೇಳಬೇಕು. ಆಗ ಹಲ್ಲಿ ಏನು ಮಾಡಬೇಕು? ಅಕ್ಕ ಅದನ್ನು ಬಿಡಿಸಿ ಹೇಳಿಲ್ಲ. ಎರಡು ಸಾಲಿನಲ್ಲಿ ಮುಗಿಸಿದ್ದಾರೆ. ನನ್ನ ಪ್ರಕಾರ ಇಡೀ ಹಾಡಿನ ಜೀವ ಇರುವುದೇ ಇಲ್ಲಿ. ಇಂಥ ಎರಡು ಸಾಲು ಕಟ್ಟಿದವರನ್ನು ‘ಜನಪದ’ ಅಂತ ಒಂದೇ ಮಾತಿನಲ್ಲಿ ಅಳಿಸಿ ಹಾಕುವುದು ಅನ್ಯಾಯ. ಆಮೇಲೆ ಕೊನೆಯ ನುಡಿ:

ಹಳ್ಳದ ಬಸವಗ ಹಣಿ ಹಚ್ಚಿ ಹೊಂಟೀನಿ
ಮನಿ ಕಾಯೋ ತಂದಿ, ಮತ್ತ ನಾ ಬರತೀನಿ

ಕರಾರು

2017ರಲ್ಲಿ ಪಕ್ಕದ ಜಿಲ್ಲೆಯ ಒಂದು ಸ್ಟುಡಿಯೋದವರು ಜಾತ್ರೆಯಲ್ಲಿ ಇವರ ಹಾಡು ಕೇಳಿ ಕರೆದರು. ನಾಲ್ಕು ಪದ ಮುದ್ರಿಸಿಕೊಂಡರು. ಹೋಗಿ ಬರುವ ಖರ್ಚು, ಊಟ, ಕೈಗೆ 3,000 ರೂಪಾಯಿ. ನೂರು ರೂಪಾಯಿ ಸ್ಟ್ಯಾಂಪ್ ಪೇಪರಿನ ಮೇಲೆ ಒಂದು ಕಾಗದ. ಅದರಲ್ಲಿ ಇದ್ದಿದ್ದು ಇಷ್ಟೇ: ಈ ನಾಲ್ಕು ಹಾಡುಗಳ ಎಲ್ಲ ಹಕ್ಕುಗಳನ್ನೂ ಕೊಟ್ಟಿರುತ್ತೇನೆ, ಹಣ ಮುಟ್ಟಿರುತ್ತದೆ. ಕೆಳಗೆ ಅಕ್ಕನ ಸಹಿ. ಎಷ್ಟು ವರ್ಷಕ್ಕೆ ಅಂತ ಇಲ್ಲ. ರಾಯಲ್ಟಿ ಅನ್ನುವ ಮಾತೇ ಇಲ್ಲ. ಆ ದಿನ ಅಕ್ಕನಿಗೆ ಬೇಸರವೇನೂ ಆಗಿರಲಿಲ್ಲ. ಸ್ಟುಡಿಯೋದವರು ಮರ್ಯಾದೆಯಿಂದ ನಡೆಸಿಕೊಂಡರು ಅಂತ ಈಗಲೂ ಹೇಳುತ್ತಾರೆ.

ಆ ಮುದ್ರಣಕ್ಕೆ ಸಾಧಾರಣ ಕೇಳುಗರು ಸಿಕ್ಕರು. ಆರು ವರ್ಷ ಅಷ್ಟೇ. 2023ರಲ್ಲಿ ಬೇರೊಂದು ಚಾನೆಲ್‌ನವರು ಅದೇ ಪಲ್ಲ ತೆಗೆದುಕೊಂಡು, ಒಬ್ಬ ಯುವ ಗಾಯಕಿಯಿಂದ ಹಾಡಿಸಿ, ವೇಗ ಹೆಚ್ಚಿಸಿ, ಡಿಜೆ ಬೀಟ್ ಹಾಕಿ ಬಿಟ್ಟರು. ಮೊದಲ ಎರಡು ನುಡಿ ಮಾತ್ರ ಇಟ್ಟುಕೊಂಡರು. ಕೂಸಿನ ನುಡಿ ಹೋಯಿತು, ಅಂಕಿತವೂ ಹೋಯಿತು. ಅಲ್ಲಿಂದ ರೀಲ್ಸ್. ರೀಲ್ಸಿಗೆ ಪಲ್ಲ ಸಾಕು, ಮೂವತ್ತು ಸೆಕೆಂಡು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಬ್ಯಾಗ್ ಎತ್ತಿಕೊಂಡು ಓಡುವ ರೀಲ್, ಹೊಸ ಮದುಮಗಳು ಗಂಡನ ಮನೆಗೆ ಹೊರಡುವ ರೀಲ್. ಆ ವರ್ಷದ ಲಗ್ನದ ಸೀಸನ್ ಮುಗಿಯುವಷ್ಟರಲ್ಲಿ ಶಹಾಪುರ, ಸುರಪುರ, ಜೇವರ್ಗಿ ಕಡೆ ಈ ಹಾಡು ಕೇಳದ ಮನೆ ಇರಲಿಲ್ಲ.

ಹಾಡು ಹಬ್ಬಿದ ಮೇಲೆ ಜನ ಹಳೆಯ ಮುದ್ರಣವನ್ನೂ ಹುಡುಕಿದರು. ಅದರಲ್ಲಿ ಅಕ್ಕನ ಮುಖ ಇತ್ತು. ಹಾಗೆ ಅವರಿಗೆ ಹೆಸರು ಬಂತು. ಯಾವ ಹೆಸರು? ‘ಬಸ್ ಅಕ್ಕ.’

ಒಂದೇ ಹಾಡಿನವರಾಗುವುದು

ಈ ಭಾಗವನ್ನು ಸ್ವಲ್ಪ ಉದ್ದಕ್ಕೇ ಬರೆಯಬೇಕು. ಹಾಡು ಹಿಟ್ ಆದರೆ ಕಲಾವಿದರ ಬದುಕು ದಾರಿಗೆ ಬಂತು ಅಂತ ಸುಮ್ನೆ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ನಡೆದದ್ದು ಅಷ್ಟು ಸರಳವಾಗಿಲ್ಲ.

ಒಳ್ಳೆಯದು ಆಗಿಲ್ಲ ಅಂತ ಹೇಳಲಾರೆ. ಮೊದಲು ಮಂಡಳಿ ಹೋದರೆ ವೀಳ್ಯ, ತೆಂಗಿನಕಾಯಿ, ಊಟ, ಮೇಲೊಂದಿಷ್ಟು ದಕ್ಷಿಣೆ. ಈಗ ಉತ್ಸವ, ಜಾತ್ರೆ, ಗಣಪತಿ ಕಾರ್ಯಕ್ರಮಗಳಿಗೆ ಅಕ್ಕನನ್ನು ಹೆಸರಿಟ್ಟು ಕರೆಯುತ್ತಾರೆ, ಮುಂಗಡ ಕೊಡುತ್ತಾರೆ. ಎರಡು ವರ್ಷ ಅವರು ಗುಳೆ ಹೋಗಲಿಲ್ಲ. ಮಗಳ ಡಿಗ್ರಿ ಮುಗಿಯಿತು. ಸೋರುತ್ತಿದ್ದ ಮಾಳಿಗೆಗೆ ತಗಡು ಬಿತ್ತು. ಇದನ್ನೆಲ್ಲ ಹಾಡೇ ಕೊಟ್ಟಿದ್ದು.

ಆದರೆ ವೇದಿಕೆಯ ಮೇಲೆ ಏನಾಯಿತು ನೋಡಿ. ಭಜನೆಯಲ್ಲಿ ಅವರದ್ದು ರಾತ್ರಿ ಹತ್ತರಿಂದ ಬೆಳಗಿನವರೆಗಿನ ಹಾಡುಗಾರಿಕೆ. ಒಂದು ಪದ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಸವಾಲಿನ ಪದ ಬಂದರೆ ಜವಾಬಿನ ಪದ ನೆನಪಾಗಬೇಕು. ಅಂಥವರಿಗೆ ಈಗ ಸಿಗುವುದು ಐದಾರು ನಿಮಿಷ. ನಾಲ್ಕು ತಂಡಗಳ ನಡುವೆ ಒಂದು ಹಾಡು. ಅದೂ ಟ್ರ್ಯಾಕ್ ಹಾಕಿ. ಪೇಟಿ ಬೇಡ, ದಮ್ಮಡಿ ಬೇಡ, ಮಂಡಳಿಯವರು ಬೇಡ. ಆಯೋಜಕರು ಫೋನಿನಲ್ಲೇ ಹೇಳಿಬಿಡುತ್ತಾರೆ: ‘ಅಕ್ಕೋರೆ, ನೀವೊಬ್ರೇ ಬರ್ರಿ, ಬಸ್ಸಿನ ಹಾಡು ಒಂದ್ ಹೇಳ್ರಿ, ಸಾಕು.’ ಇಪ್ಪತ್ತು ವರ್ಷ ಜೊತೆಗಿದ್ದ ದಮ್ಮಡಿಯ ಕಾಕಾ ಹೀಗೆ ಮನೆಯಲ್ಲೇ ಉಳಿದರು.

ಒಮ್ಮೆ ಒಂದು ಜಾತ್ರೆಯಲ್ಲಿ ಅಕ್ಕ ಮಡಿವಾಳಪ್ಪನವರ ಪದ ಎತ್ತಿಕೊಂಡರು. ಎರಡನೇ ನುಡಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹುಡುಗರು ‘ಬಸ್, ಬಸ್’ ಅಂತ ಕೂಗಲು ಶುರು ಮಾಡಿದರು. ಅಕ್ಕ ನಿಲ್ಲಿಸಲಿಲ್ಲ, ಪದ ಪೂರ್ತಿ ಹೇಳಿದರು. ಆಮೇಲೆ ಬಸ್ಸಿನ ಹಾಡನ್ನೂ ಹೇಳಿದರು. ಹಿಂದೆ ಬಂದ ಮೇಲೆ ಅವರು ಹೇಳಿದ್ದು ಇಷ್ಟು: ‘ಹುಡುಗುರ್ದು ತಪ್ಪಿಲ್ಲ ತಮ್ಮಾ. ಅವ್ರಿಗಿ ನಾ ಗೊತ್ತಿರಾದೇ ಅಷ್ಟು.’

ಸ್ಟುಡಿಯೋಗಳೂ ಮತ್ತೆ ಬಂದವು. ಎಲ್ಲರಿಗೂ ಬೇಕಾಗಿದ್ದು ಇನ್ನೊಂದು ಬಸ್. ಒಬ್ಬರು ಟಂಟಂ ಮೇಲೆ ಒಂದು ಹಾಡು ಕೇಳಿದರು. ಇನ್ನೊಬ್ಬರು ಕ್ರೂಸರ್ ಮೇಲೆ. ಅಕ್ಕ ಒಂದನ್ನು ಕಟ್ಟಿಕೊಟ್ಟರು ಕೂಡ. ಅದು ನಡೆಯಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ಮೊದಲಿನ ಹಾಡಿನಲ್ಲಿ ಬಸ್ಸಿನ ಮೇಲೇನೂ ಹಾಡಿರಲಿಲ್ಲ. ಅದು ಬಿಟ್ಟುಬಂದ ಕೂಸಿನ ಮೇಲೆ ಕಟ್ಟಿದ ಪದ. ಜನ ಕುಣಿದಿದ್ದು ಧಾಟಿಗೆ ನಿಜ. ಆದರೆ ಆ ಪಲ್ಲದಲ್ಲಿ ಹೊರಡುವ ಅವಸರದ ಜೊತೆಗೆ ಒಂದು ಸಂಕಟ ಕೂತಿದೆ. ‘ತೊಗರಿ ಹೂ ಬಿಡುವಾಗ’ ಅನ್ನುವ ಮಾತು ಬಂದ ಕೂಡಲೇ ನಮ್ಮ ಕಡೆಯವರಿಗೆ ಅದು ತಾಗುತ್ತದೆ. ಬೆಳೆ ಕಣ್ಣೆದುರಿಗೇ ಹೂಬಿಟ್ಟಿದೆ, ಅದನ್ನು ನೋಡಲು ನಾವಿಲ್ಲ. ವಾಹನ ಬದಲಿಸಿದರೆ ಅದು ಬರುವುದಿಲ್ಲ.

ಹೀಗಾಗಿ ‘ಒಂದೇ ಹಿಟ್ ಕೊಟ್ಟವರು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇವರ ಮಿಕ್ಕ ಪದಗಳು ಸೋತಿಲ್ಲ, ಅವನ್ನು ಯಾರೂ ಕೇಳಿಯೇ ಇಲ್ಲ. ಕೇಳುವ ಜಾಗ ಮೂವತ್ತು ಸೆಕೆಂಡಿಗೆ ಇಳಿದಾಗ ತತ್ವಪದದ ಕಟ್ಟುವಿಕೆಗೇ ಅಲ್ಲಿ ಸ್ಥಳ ಇಲ್ಲ. ಆ ಪದಗಳು ಒಂದೊಂದೇ ನುಡಿಯಲ್ಲಿ ಬಿಚ್ಚಿಕೊಂಡು ಕೊನೆಯಲ್ಲಿ ಬಂದು ಕೂಡುವಂಥವು.

ಕಾಗದದಲ್ಲಿ ಏನಿತ್ತು, ಏನಿರಲಿಲ್ಲ

ಅಕ್ಕನ ಮಗಳು ನನ್ನ ಹತ್ತಿರ ಬಂದಿದ್ದು ರಾಯಲ್ಟಿ ಕೇಳಬಹುದೇ ಅಂತ. ರೀಮಿಕ್ಸ್ ಚಾನೆಲ್‌ಗೆ ಅವಳು ಮೊದಲೇ ಮೆಸೇಜ್ ಹಾಕಿದ್ದಳು. ಅವರ ಉತ್ತರ: ಇದು ಜನಪದ ಗೀತೆ, ಯಾರು ಬೇಕಾದರೂ ಹಾಡಬಹುದು. ಮೇಲಾಗಿ ಸ್ಟುಡಿಯೋದವರ ಅನುಮತಿ ತೆಗೆದುಕೊಂಡಿದ್ದೇವೆ. ಸ್ಟುಡಿಯೋದವರ ಉತ್ತರ: ನಿಮ್ಮ ತಾಯಿ ಎಲ್ಲ ಹಕ್ಕನ್ನೂ ನಮಗೆ ಬರೆದುಕೊಟ್ಟಿದ್ದಾರೆ.

ಈ ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಹಾಡು ಯಾರದ್ದೂ ಅಲ್ಲ ಅನ್ನುವುದಾದರೆ ಅಕ್ಕನಿಂದ ಸಹಿ ಹಾಕಿಸಿಕೊಂಡಿದ್ದು ಯಾಕೆ? ಸಹಿ ಹಾಕಿಸಿಕೊಂಡಿದ್ದೀರಿ ಅಂದರೆ ಅದು ಅಕ್ಕನದ್ದು ಅಂತ ನೀವೇ ಒಪ್ಪಿದ ಹಾಗಾಯಿತು. ನಮ್ಮ ವಕೀಲರು ನೋಟಿಸಿನಲ್ಲಿ ಮೊದಲು ಹಿಡಿದಿದ್ದು ಇದನ್ನೇ.

ಇಲ್ಲಿ ಕಾನೂನನ್ನು ಸ್ವಲ್ಪ ತಿಳಿಯಬೇಕು. ತಲೆತಲಾಂತರದಿಂದ ಬಂದ, ಕಟ್ಟಿದವರು ಯಾರು ಅಂತ ಗೊತ್ತಿಲ್ಲದ ಹಾಡಿಗೆ ಕಾಪಿರೈಟ್ ಇಲ್ಲ. ಅದನ್ನು ಯಾರು ಬೇಕಾದರೂ ಹಾಡಬಹುದು, ಹಾಡಲೂಬೇಕು. ಆದರೆ ಬದುಕಿರುವ ಒಬ್ಬರು ಜನಪದ ಧಾಟಿಯಲ್ಲಿ, ನಮ್ಮ ಆಡುಮಾತಿನಲ್ಲಿ ಹೊಸದಾಗಿ ಕಟ್ಟಿದ ಹಾಡು ಅವರದ್ದೇ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಅದರ ಮೊದಲ ಒಡೆತನ ಕಟ್ಟಿದವರಿಗೆ. ಅವರು ಇರುವವರೆಗೆ, ತೀರಿಕೊಂಡ ಮೇಲೆ ಇನ್ನೂ 60 ವರ್ಷ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಮಾಡಿಸಿದರೆ ಸಾಕ್ಷಿಗೆ ಬಲ ಬರುತ್ತದೆ, ಅಷ್ಟೇ.

ಒಂದು ಹಾಡಿನಲ್ಲಿ ಒಂದೇ ಹಕ್ಕು ಇರುವುದಿಲ್ಲ ಅನ್ನುವುದು ಬಹಳ ಕಲಾವಿದರಿಗೆ ಗೊತ್ತಿಲ್ಲ. ಮಾತು ಮತ್ತು ಧಾಟಿ ಕಟ್ಟಿದವರದ್ದು. ಹಾಡಿದ್ದಕ್ಕೆ ಹಾಡಿದವರಿಗೊಂದು ಹಕ್ಕು. ಮುದ್ರಿಸಿದ ಧ್ವನಿ, ಅದಕ್ಕೆ ದುಡ್ಡು ಹಾಕಿದವರದ್ದು. ಸ್ಟುಡಿಯೋದವರು 2017ರಲ್ಲಿ ಮುದ್ರಿಸಿದ ಧ್ವನಿ ಅವರದ್ದೇ, ಅದನ್ನು ನಾವು ಪ್ರಶ್ನೆ ಮಾಡಲಿಲ್ಲ. ಪ್ರಶ್ನೆ ಇದ್ದಿದ್ದು ಮಾತಿನ ಮೇಲೆ.

ಮಾತಿನ ಹಕ್ಕನ್ನು ಬರೆದುಕೊಟ್ಟಿದ್ದು ನಿಜ. ಆದರೆ ಕಾಯ್ದೆಯ 19ನೇ ಕಲಮು ಹೇಳುವುದು ಹೀಗೆ: ಹಕ್ಕು ವರ್ಗಾಯಿಸುವ ಕಾಗದದಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು 5 ವರ್ಷಕ್ಕೆ ಮಾತ್ರ ಅಂತ ಲೆಕ್ಕ. ಕಾಗದ 2017ರದ್ದು. 2022ಕ್ಕೆ ಮುಗಿಯಿತು. ರೀಮಿಕ್ಸ್ ಬಂದಿದ್ದು 2023ರಲ್ಲಿ. ಅಂದರೆ ಸ್ಟುಡಿಯೋದವರು ಆ ಚಾನೆಲ್‌ಗೆ ಅನುಮತಿ ಕೊಟ್ಟಾಗ ಕೊಡಲು ಅವರ ಕೈಯಲ್ಲಿ ಮಾತಿನ ಹಕ್ಕು ಉಳಿದಿರಲೇ ಇಲ್ಲ. ಅವಸರದಲ್ಲಿ ಬರೆದ ಅರ್ಧ ಪುಟದ ಕಾಗದ ಕೊನೆಗೆ ಅಕ್ಕನನ್ನೇ ಕಾಪಾಡಿತು. ‘ಶಾಶ್ವತವಾಗಿ’ ಅಂತ ಒಂದು ಪದ ಸೇರಿಸಿದ್ದರೆ ಈ ದಾರಿ ಮುಚ್ಚಿರುತ್ತಿತ್ತು.

ಪೂರ್ತಿ ಮುಚ್ಚಿರುತ್ತಿರಲಿಲ್ಲ ಅನ್ನಿ. 2012ರ ತಿದ್ದುಪಡಿ ಬಂದ ಮೇಲೆ ಇನ್ನೊಂದು ರಕ್ಷಣೆ ಇದೆ. ಹಾಡಿನ ಮಾತು, ಸಂಗೀತ ಕಟ್ಟಿದವರು ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ರಾಯಲ್ಟಿ ಸಂಗ್ರಹಿಸುವ ಸಂಘಕ್ಕೆ ಬಿಟ್ಟರೆ ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೂ ಆ ಮಾತು ನಿಲ್ಲುವುದಿಲ್ಲ. 3,000 ರೂಪಾಯಿಗೆ ಎಲ್ಲ ಮುಗಿಯಿತು ಅಂತ ಹೇಳುವವರಿಗೆ ಇದೇ ಉತ್ತರ. ನಮ್ಮ ಕಡೆಯ ಹಾಡುಗಾರರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತು ಇದು.

ಇನ್ನು 57ನೇ ಕಲಮು. ಹಕ್ಕು ಪೂರ್ತಿ ಮಾರಿದ ಮೇಲೂ ‘ಇದನ್ನು ಕಟ್ಟಿದ್ದು ನಾನು’ ಅಂತ ಹೇಳಿಕೊಳ್ಳುವ ಹಕ್ಕು ಕಟ್ಟಿದವರಲ್ಲೇ ಉಳಿಯುತ್ತದೆ. ಅಕ್ಕನಿಗೆ ಇದನ್ನು ಓದಿ ಹೇಳಿದಾಗ ಅವರು ಎದ್ದು ಕೂತರು. ಅಲ್ಲಿಯವರೆಗೆ ದುಡ್ಡಿನ ಮಾತಿಗೆಲ್ಲ ಸುಮ್ಮನೆ ತಲೆ ಆಡಿಸುತ್ತಿದ್ದರು. ‘ಕದ್ದಾರ ಅಂತ ನಾ ಅನ್ನಂಗಿಲ್ಲ ತಮ್ಮಾ. ಹಾಡಿಗಿ ಹಡದವರೇ ಇಲ್ಲ ಅಂತ ಬರದಾರಲ್ಲ, ಅದು ತ್ರಾಸ ಆಗ್ಲಕತ್ತದ’ ಅಂದರು. ನಾವು ಕೇಳಬೇಕಾಗಿದ್ದು ಮೊದಲು ಯಾವುದನ್ನು ಅಂತ ಅಲ್ಲಿಗೆ ತೀರ್ಮಾನವಾಯಿತು.

ಸಾಕ್ಷಿ

ಬಾಯಲ್ಲಿ ಕಟ್ಟಿದ ಹಾಡು ತನ್ನದೇ ಅಂತ ತೋರಿಸುವುದು ಹೇಗೆ? ಮಗಳ ನೋಟ್‌ಬುಕ್ ಇತ್ತು. ಮಂಡಳಿಯ ಹಿರಿಯರು ಬರೆದುಕೊಟ್ಟ ಹೇಳಿಕೆಗಳಿದ್ದವು. ಒಂದು ಹಳೆಯ ಮೊಬೈಲಿನಲ್ಲಿ ಭಜನೆಯ ರೆಕಾರ್ಡಿಂಗ್ ಸಿಕ್ಕಿತು, 2017ಕ್ಕಿಂತ ಹಿಂದಿನದು. ಎಲ್ಲಕ್ಕಿಂತ ಗಟ್ಟಿಯಾಗಿದ್ದು ಅಂಕಿತ. ಅದೇ ಅಂಕಿತ ಇರುವ ಹತ್ತಾರು ಪದಗಳು ನೋಟ್‌ಬುಕ್ಕಿನಲ್ಲಿವೆ, ಮಂಡಳಿಯವರ ಬಾಯಲ್ಲಿವೆ. ಸ್ಟುಡಿಯೋದವರ 2017ರ ಮುದ್ರಣದಲ್ಲೂ ಕೊನೆಯ ನುಡಿ ಪೂರ್ತಿ ಇದೆ. ಅವರೇ ಮುದ್ರಿಸಿ ಇಟ್ಟ ಸಾಕ್ಷಿ ಅದು. ರೀಮಿಕ್ಸ್‌ನಲ್ಲಿ ಅದನ್ನು ಕತ್ತರಿಸಿದವರು ಅದು ಏನು ಅಂತ ತಿಳಿದು ಕತ್ತರಿಸಿದರೋ, ಉದ್ದ ಆಯಿತು ಅಂತ ಕತ್ತರಿಸಿದರೋ, ಪರಿಣಾಮ ಒಂದೇ. ಹಾಡಿನ ಹೆಸರಿನ ಫಲಕ ಕಿತ್ತ ಹಾಗಾಯಿತು.

ಧಾಟಿಯ ವಿಷಯದಲ್ಲಿ ಒಂದು ತೊಡಕಿತ್ತು. ವಕೀಲರು ಮಾತು, ಧಾಟಿ ಎರಡಕ್ಕೂ ಹಕ್ಕು ಕೇಳೋಣ ಅಂದರು. ಅಕ್ಕ ಒಪ್ಪಲಿಲ್ಲ. ‘ಧಾಟಿ ನಮ್ಮವ್ವ ಹಾಡ್ತಿದ್ದ ಕೋಲಾಟದ್ದದ. ನಮ್ಮವ್ವಗ ಅವರವ್ವ ಕಲಿಸ್ಯಾಳ. ಅದು ನಂದು ಅಂತ ಹ್ಯಾಂಗ ಬರೀಲಿ?’ ತಾವು ಪಲ್ಲದ ಎರಡನೇ ಸಾಲಿಗೆ ಒಂದು ತಿರುವು ಹಾಕಿದ್ದು ನಿಜ ಅಂತಲೂ ಹೇಳಿದರು. ಆದರೆ ಅಷ್ಟಕ್ಕೆ ಧಾಟಿ ತಮ್ಮದು ಅನ್ನಲು ಮನಸ್ಸು ಬರಲಿಲ್ಲ. ಕಾನೂನಿನ ದೃಷ್ಟಿಯಿಂದಲೂ ಅವರು ಹೇಳಿದ್ದು ಸರಿ. ಊರಿನ ಧಾಟಿ ಊರಿನದ್ದೇ. ‘ಜನಪದ’ ಅಂತ ಬರೆಯಬೇಕಾದ ಜಾಗ ಒಂದಿದ್ದರೆ ಅದು ಧಾಟಿಯ ಎದುರಿಗೆ. ಸಾಹಿತ್ಯದ ಎದುರಿಗಲ್ಲ. ಹೀಗೆ ಬಿಡಿಸಿ ನೋಡಿದ ಮೇಲೆ ನಮ್ಮ ಬೇಡಿಕೆ ಇನ್ನೂ ಗಟ್ಟಿಯಾಯಿತು. ತನ್ನದಲ್ಲದ್ದನ್ನು ಬಿಟ್ಟವರು ತನ್ನದು ಅಂತ ಹೇಳಿದಾಗ ಎದುರಿಗಿದ್ದವರೂ ನಂಬುತ್ತಾರೆ.

ಏನು ಸಿಕ್ಕಿತು

ಕೋರ್ಟಿಗೆ ಹೋಗಲಿಲ್ಲ. ನೋಟಿಸ್ ಹೋಯಿತು, ಫೋನ್ ಬಂತು, ಕಲಬುರಗಿಯಲ್ಲಿ ಕೂತು ಮಾತಾಡಿದೆವು. ಚಾನೆಲ್‌ನ ಹುಡುಗರು ಕೆಟ್ಟವರಲ್ಲ. ಬೀಟ್ ಮಾಡುವುದು ಗೊತ್ತು, ಕಾಗದ ಗೊತ್ತಿಲ್ಲ. ಅವರಿಗೂ ಭಯ ಇತ್ತು: ನಾವು ಯೂಟ್ಯೂಬಿಗೆ ಕಾಪಿರೈಟ್ ದೂರು ಕೊಟ್ಟರೆ ವಿಡಿಯೋ ಇಳಿಯುತ್ತದೆ, ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ನಮಗೂ ವಿಡಿಯೋ ಇಳಿಸುವುದು ಬೇಕಿರಲಿಲ್ಲ. ಅದು ಇಳಿದರೆ ಅಕ್ಕನ ಕಾರ್ಯಕ್ರಮಗಳಿಗೇ ಪೆಟ್ಟು.

ಒಪ್ಪಂದ ಹೀಗಾಯಿತು. ‘ಸಾಹಿತ್ಯ’ ಅನ್ನುವಲ್ಲಿ ಅಕ್ಕನ ಪೂರ್ತಿ ಹೆಸರು, ಊರು. ‘ಧಾಟಿ: ಜನಪದ’. ಮೂರು ವರ್ಷದ ಅನುಮತಿ, ಮುಂದುವರಿಸುವುದಾದರೆ ಹೊಸ ಕಾಗದ. ಬಂದ ಆದಾಯದಲ್ಲಿ ಅರ್ಧ. ಮೊದಲಿನ ಬಾಕಿಗೆ ಒಂದು ಮೊತ್ತ. ಸ್ಟುಡಿಯೋದವರು ತಮ್ಮ ಹಳೆಯ ಮುದ್ರಣದ ಕೆಳಗೂ ಹೆಸರು ತಿದ್ದಿದರು. ಇದರ ಜೊತೆಗೆ ಅಕ್ಕ ತಾವೇ ಒಂದು ಷರತ್ತು ಹಾಕಿದರು. ಹಾಡಿನ ಪೂರ್ತಿ ಪಾಠ, ಕೂಸಿನ ನುಡಿ ಮತ್ತು ಅಂಕಿತ ಸೇರಿಸಿ, ದಮ್ಮಡಿ ಕಾಕಾ ಮತ್ತು ಮಂಡಳಿಯವರ ಜೊತೆ ಹಾಡಿದ್ದು, ಅದೇ ಚಾನೆಲ್‌ನಲ್ಲಿ ಬರಬೇಕು. ಚಾನೆಲ್‌ನವರು ತಕ್ಷಣ ಒಪ್ಪಿದರು. ಅದೂ ಈಗ ಬಂದಿದೆ. ರೀಮಿಕ್ಸ್‌ನಷ್ಟು ಜನ ಅದನ್ನು ನೋಡಿಲ್ಲ, ನೋಡುವುದೂ ಇಲ್ಲವೇನೋ. ಆದರೆ ಅದರ ಕೆಳಗೆ ಬಂದ ಮಾತುಗಳನ್ನು ಓದಬೇಕು. ಬೆಂಗಳೂರಿನ ಶೆಡ್ಡುಗಳಿಂದ, ಪುಣೆಯಿಂದ ಬರೆದವರು ಜಾಸ್ತಿ. ಅವರೆಲ್ಲ ಹಲ್ಲಿಯ ಸಾಲನ್ನೇ ಎತ್ತಿ ಬರೆದಿದ್ದಾರೆ.

ಸಿಗದೆ ಇದ್ದಿದ್ದೂ ಇದೆ. ಈ ಹಾಡು ಅತಿ ಹೆಚ್ಚು ಮೊಳಗುವುದು ಮದುವೆಗಳಲ್ಲಿ. ಅಲ್ಲಿಂದ ಒಂದು ರೂಪಾಯಿಯೂ ಬರುವುದಿಲ್ಲ, ಕೇಳಲೂ ಬರುವುದಿಲ್ಲ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಮಾರಂಭದಲ್ಲಿ ಹಾಡು ಹಾಕಿದರೆ ಅದು ಉಲ್ಲಂಘನೆ ಅಲ್ಲ ಅಂತ ಕಾಯ್ದೆಯ 52ನೇ ಕಲಮಿನಲ್ಲೇ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನೇ ಮತ್ತೆ ಸ್ಪಷ್ಟಪಡಿಸಿತು. ನನಗೆ ಇದು ಸರಿ ಅನ್ನಿಸುತ್ತದೆ. ಅಕ್ಕನಿಗೂ. ಮದುವೆ ಮನೆಯಲ್ಲಿ ಹಾಡು ಹೇಳಿದ್ದಕ್ಕೆ ಲೆಕ್ಕ ಕೇಳಿದರೆ ಸೋಬಾನ ಪದದ ನಾಡಿನಲ್ಲಿ ಅದಕ್ಕೆ ಅರ್ಥ ಇರುವುದಿಲ್ಲ.

ಹೋಟೆಲು, ಟಿವಿ, ರೇಡಿಯೋ, ಆನ್‌ಲೈನ್ ಕಡೆಯಿಂದ ಬರುವ ರಾಯಲ್ಟಿಗೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯತ್ವ ಬೇಕು. 1969ರಲ್ಲಿ ಶುರುವಾದ ಸಂಸ್ಥೆ ಅದು. ಹಾಡಿನ ಸಾಹಿತಿಗಳು, ಸಂಗೀತ ಕಟ್ಟುವವರು, ಮ್ಯೂಸಿಕ್ ಕಂಪನಿಗಳು ಸದಸ್ಯರಾಗುತ್ತಾರೆ. ಸಿನಿಮಾ ಸಾಹಿತಿಗಳಿಗೆ ಇದು ಗೊತ್ತು. ನಮ್ಮ ಹಳ್ಳಿಯ ಹಾಡುಗಾರರಿಗೆ ಹೆಸರೂ ಕೇಳಿ ಗೊತ್ತಿಲ್ಲ. ಅಕ್ಕನ ಅರ್ಜಿ ಹಾಕಿದ್ದೇವೆ. ಪ್ಯಾನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಮೂರು ಥರ ಇತ್ತು. ಒಂದರಲ್ಲಿ ‘ಬಾಯಿ’ ಇದೆ, ಒಂದರಲ್ಲಿ ‘ಅಮ್ಮ’, ಒಂದರಲ್ಲಿ ಎರಡೂ ಇಲ್ಲ. ಅದನ್ನು ಒಂದು ಮಾಡಿಸುವುದಕ್ಕೇ ನೋಟಿಸಿಗಿಂತ ಜಾಸ್ತಿ ದಿನ ಹಿಡಿಯಿತು. ಈ ಕೆಲಸ ಸಣ್ಣದು ಅನ್ನಿಸಬಹುದು. ಹಾಡು ಓಡುತ್ತಿರುವಾಗಲೇ ದುಡ್ಡು ನಿಂತುಹೋಗುವುದು ಇಂಥ ಜಾಗದಲ್ಲೇ.

ಕಾಪಿರೈಟ್ ನೋಂದಣಿಗೂ ಅರ್ಜಿ ಹೋಗಿದೆ, ಸಾಹಿತ್ಯಕ್ಕೆ ಮಾತ್ರ. ಶುಲ್ಕ 500 ರೂಪಾಯಿ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ 30 ದಿನ ಬಿಡುತ್ತಾರೆ, ಆಮೇಲೆ ಪರಿಶೀಲನೆ.

ಉಳಿದಿರುವುದು ಮಿಕ್ಕ ಪದಗಳ ಕೆಲಸ. ಆಕಾಶವಾಣಿ ಕಲಬುರಗಿಯ ಧ್ವನಿ ಪರೀಕ್ಷೆಗೆ ಮಂಡಳಿಯಾಗಿ ಹೋಗಬೇಕು ಅಂತ ಅಕ್ಕನಿಗೆ ಹೇಳಿದ್ದೇನೆ. 1966ರಲ್ಲಿ ಶುರುವಾದ ಆ ಕೇಂದ್ರದಿಂದ ನಮ್ಮ ಭಾಗದ ಹಾಡುಗಾರರ ದನಿ ಎಷ್ಟೋ ಮನೆಗಳಿಗೆ ಹೋಗಿದೆ. ಅಲ್ಲಿ ಒಂದು ಪದವನ್ನು ಮೊದಲಿಂದ ಕೊನೆಯವರೆಗೆ ಹೇಳಲು ಸಮಯ ಇದೆ. ದಮ್ಮಡಿ ಕಾಕಾ ಆಗಲೇ ಚರ್ಮ ಬದಲಿಸಿಕೊಂಡು ತಯಾರಾಗಿದ್ದಾರೆ.

ಇನ್ನೊಂದು, ಪುಸ್ತಕ. ನೋಟ್‌ಬುಕ್ಕುಗಳಲ್ಲಿರುವ ಪದಗಳನ್ನು ಮಗಳು ಟೈಪ್ ಮಾಡುತ್ತಿದ್ದಾಳೆ. ಬಸ್ಸಿನ ಹಾಡನ್ನು ಮೊದಲ ಪುಟದಲ್ಲಿ ಹಾಕೋಣ, ಜನ ಕೈಗೆತ್ತಿಕೊಳ್ಳುತ್ತಾರೆ ಅನ್ನುವುದು ಅವಳ ಮಾತು. ನಾನೂ ಹಾಗೇ ಹೇಳಿದೆ. ಅಕ್ಕ ಒಪ್ಪಿಲ್ಲ. ಕಟ್ಟಿದ ಕ್ರಮದಲ್ಲೇ ಬರಲಿ, ಅದು ಎಲ್ಲಿ ಇದೆಯೋ ಅಲ್ಲೇ ಇರಲಿ ಅಂದಿದ್ದಾರೆ. ಲೆಕ್ಕ ಹಾಕಿದರೆ ಅದು ಎಂಬತ್ತರ ಆಸುಪಾಸಿನಲ್ಲೆಲ್ಲೋ ಬರುತ್ತದೆ. ಮಗಳು ಮೊದಲ ನೋಟ್‌ಬುಕ್ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದಾಳೆ.